ವಿಷದ ಬೀಜದಿಂದ ಮರೆವಿಗೆ ಮದ್ದು

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಕನ್ನಡದ ಮನೆಗಳಿಗೆ ಹೊಸದಲ್ಲ. ವಯಸ್ಸಾದವರು ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುವುದು, ಹೇಳಿದ ಕತೆಯನ್ನೇ ಮತ್ತೆ ಹೇಳುವುದು, ಮೊಮ್ಮಗನನ್ನು ಮಗನ ಹೆಸರಿನಿಂದ ಕರೆಯುವುದು ಇವೆಲ್ಲ ಮುಪ್ಪಿನ ಸಹಜ ಗುಣವೆಂದು ಮನೆಮಂದಿ ನಕ್ಕು ಸುಮ್ಮನಾಗುತ್ತಾರೆ. ಆದರೆ ಅದೇ ಹಿರಿಯರು ನಲವತ್ತು ವರ್ಷ ಓಡಾಡಿದ ಬೀದಿಯಲ್ಲಿ ದಾರಿ ತಪ್ಪಿದಾಗ, ಉಂಡು ಕೈತೊಳೆದ ಹತ್ತೇ ನಿಮಿಷಕ್ಕೆ ‘ನನಗೆ ಊಟ ಹಾಕಲೇ ಇಲ್ಲ’ ಎಂದು ದೂರಿದಾಗ, ಕೊನೆಗೊಂದು ದಿನ ಕಟ್ಟಿಕೊಂಡ ಹೆಂಡತಿಯನ್ನೇ ‘ನೀವು ಯಾರು?’ ಎಂದು ಕೇಳಿದಾಗ ಆ ನಗು ನಿಂತುಹೋಗುತ್ತದೆ. ಅದು ಮುಪ್ಪಲ್ಲ, ರೋಗ.

ಈ ರೋಗಕ್ಕೆ ಹೆಸರು ಬಂದದ್ದು ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ ಅವರಿಂದ. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಆಗಸ್ಟ್ ಡೀಟರ್ ಎಂಬ ಮಹಿಳೆಯನ್ನು ಕರೆತಂದಾಗ ಆಕೆಗೆ ಕೇವಲ 51 ವರ್ಷ. ಆಕೆ ತೀರಿಕೊಂಡ ಬಳಿಕ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಅಲ್ಜೈಮರ್, ನರಕೋಶಗಳ ನಡುವೆ ಅಂಟಿಕೊಂಡ ಗಡ್ಡೆಗಳನ್ನೂ ಕೋಶಗಳ ಒಳಗೆ ಸಿಕ್ಕುಗಟ್ಟಿದ ಎಳೆಗಳನ್ನೂ ಕಂಡು 1906ರಲ್ಲಿ ವೈದ್ಯರ ಸಭೆಯೊಂದರ ಮುಂದಿಟ್ಟರು. ಡಿಮೆನ್ಷಿಯಾ ಎಂದು ಕರೆಯುವ ಬುದ್ಧಿ ಕುಸಿತಕ್ಕೆ ಇಂದು ಅತಿ ಸಾಮಾನ್ಯ ಕಾರಣ ಈ ಅಲ್ಜೈಮರ್ ರೋಗವೇ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆ.

ಇಂಥ ರೋಗಿಯಿರುವ ಮನೆಗಳಲ್ಲಿ ಸಾಮಾನ್ಯವಾಗಿ ಏಳುವ ಪ್ರಶ್ನೆಯೊಂದಿದೆ: ‘ಗಿಡಮೂಲಿಕೆಯಲ್ಲಿ ಇದಕ್ಕೆ ಮದ್ದಿಲ್ಲವೆ?’ ಯಾವುದೋ ಬೀಜದ ಎಣ್ಣೆ, ಯಾವುದೋ ಕಾಳಿನ ಸಾರ ಹೋದ ನೆನಪನ್ನು ತಂದುಕೊಡುತ್ತದೆ ಎಂಬ ಮಾತು ಬಾಯಿಂದ ಬಾಯಿಗೆ ಹರಡುತ್ತಲೇ ಇರುತ್ತದೆ. ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಇಂದು ಅಲ್ಜೈಮರ್ ರೋಗಿಗಳಿಗೆ ಕೊಡುವ ಔಷಧಿಗಳಲ್ಲಿ ಒಂದರ ಮೂಲ ನಿಜಕ್ಕೂ ಒಂದು ಬೀಜವೇ. ಆದರೆ ಆ ಬೀಜ ನೆನಪಿನ ಮದ್ದೆಂದು ಎಂದೂ ಹೆಸರಾಗಿರಲಿಲ್ಲ. ಮನುಷ್ಯರನ್ನು ಕೊಲ್ಲುವ ವಿಷವೆಂದು ಹೆಸರಾಗಿತ್ತು.

ಅಗ್ನಿಪರೀಕ್ಷೆಯ ಕಾಳು

ಪಶ್ಚಿಮ ಆಫ್ರಿಕಾದ ನೈಜೀರಿಯಾ ದೇಶದ ಆಗ್ನೇಯ ಮೂಲೆಯಲ್ಲಿ ಕಾಲಬಾರ್ ಎಂಬ ಹಳೆಯ ಬಂದರು ಪಟ್ಟಣವಿದೆ. ಅಲ್ಲಿನ ತೊರೆಗಳ ದಂಡೆಯಲ್ಲಿ ಮರಗಳಿಗೆ ಹಬ್ಬಿ ಬೆಳೆಯುವ ಬಳ್ಳಿಯೊಂದುಂಟು. ಅವರೆ, ಹುರುಳಿ, ತೊಗರಿಗಳ ಕುಟುಂಬಕ್ಕೇ ಸೇರಿದ ಈ ಬಳ್ಳಿಯ ಕಾಯಿಯೊಳಗೆ ಸುಮಾರು ಒಂದು ಅಂಗುಲ ಉದ್ದದ, ಕಡುಕಂದು ಬಣ್ಣದ ಎರಡು ಮೂರು ಬೀಜಗಳಿರುತ್ತವೆ. ಅಲ್ಲಿನ ಎಫಿಕ್ ಜನರು ಇದನ್ನು ‘ಎಸೆರೆ’ ಎನ್ನುತ್ತಿದ್ದರು. ಯುರೋಪಿಯನ್ನರು ಇಟ್ಟ ಹೆಸರು ಕಾಲಬಾರ್ ಬೀಜ.

ಎಫಿಕ್ ಸಮಾಜದಲ್ಲಿ ಎಸೆರೆ ನ್ಯಾಯಾಧೀಶನ ಸ್ಥಾನದಲ್ಲಿತ್ತು. ಮಾಟ ಮಂತ್ರದ ಆರೋಪ ಹೊತ್ತವರಿಗೆ ಬೀಜಗಳನ್ನು ತಿನ್ನಿಸುತ್ತಿದ್ದರು, ಇಲ್ಲವೆ ಅರೆದು ನೀರಿನಲ್ಲಿ ಕದಡಿ ಕುಡಿಸುತ್ತಿದ್ದರು. ವಾಂತಿ ಮಾಡಿ ಬದುಕಿ ಉಳಿದವನು ನಿರಪರಾಧಿ. ಬಾಯಲ್ಲಿ ಜೊಲ್ಲು ಸುರಿದು, ಮೈ ಅದುರಿ, ಉಸಿರು ಕಟ್ಟಿ ಸತ್ತವನು ಅಪರಾಧಿ. ತಪ್ಪು ಮಾಡದವನು ಧೈರ್ಯದಿಂದ ಗಬಗಬನೆ ನುಂಗುವುದರಿಂದ ಹೊಟ್ಟೆ ಅದನ್ನು ಬೇಗ ಹೊರಹಾಕುತ್ತದೆ, ಅಳುಕಿ ಅಳುಕಿ ಮೆಲ್ಲುವವನ ಮೈಗೆ ವಿಷ ನಿಧಾನವಾಗಿ ಹತ್ತುತ್ತದೆ ಎಂದು ಕೆಲವರು ಇದಕ್ಕೆ ವಿವರಣೆ ಕೊಟ್ಟಿದ್ದುಂಟು. ವಿವರಣೆ ಏನೇ ಇರಲಿ, ಆ ಕಾಳು ಅನೇಕ ನಿರಪರಾಧಿಗಳನ್ನು ಬಲಿ ತೆಗೆದುಕೊಂಡಿರಬೇಕು ಎಂಬುದರಲ್ಲಿ ಸಂದೇಹವಿಲ್ಲ.

1846ರಲ್ಲಿ ಸ್ಕಾಟ್ಲೆಂಡಿನ ಪಾದ್ರಿಗಳು ಕಾಲಬಾರಿನಲ್ಲಿ ನೆಲೆಯೂರಿದರು. ಅವರ ಮೂಲಕ ಬೀಜಗಳು ಎಡಿನ್‌ಬರೊ ವಿಶ್ವವಿದ್ಯಾಲಯವನ್ನು ಮುಟ್ಟಿದವು. ಅಲ್ಲಿನ ಔಷಧಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ಕ್ರಿಸ್ಟಿಸನ್ ವಿಷಗಳ ವಿಷಯದಲ್ಲಿ ದೊಡ್ಡ ವಿದ್ವಾಂಸ. 1855ರಲ್ಲಿ ಆತ ಬೀಜದ ಗುಣವನ್ನು ತನ್ನ ಮೈಮೇಲೆಯೇ ನೋಡಲು ಹೊರಟ. ಮೊದಲು ಎಂಟನೆಯ ಒಂದು ಭಾಗ ತಿಂದ. ಹೆಚ್ಚೇನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಕಾಲು ಭಾಗ ತಿಂದ. ಸ್ವಲ್ಪ ಹೊತ್ತಿನಲ್ಲೇ ತಲೆ ಸುತ್ತಿತು, ಕೈಕಾಲು ಸೋತವು, ನಾಡಿ ಕ್ಷೀಣಿಸಿತು. ಗಾಬರಿಯಾದ ಪ್ರಾಧ್ಯಾಪಕ ಮುಖಕ್ಷೌರಕ್ಕೆಂದು ಇಟ್ಟಿದ್ದ ಸಾಬೂನಿನ ನೀರನ್ನೇ ಗಟಗಟನೆ ಕುಡಿದು ವಾಂತಿ ಮಾಡಿಕೊಂಡು ಬದುಕಿಕೊಂಡ. ಕಾಲಬಾರಿನಲ್ಲಿ ಬೀಜ ಮನುಷ್ಯನನ್ನು ಪರೀಕ್ಷಿಸುತ್ತಿತ್ತು. ಎಡಿನ್‌ಬರೊದಲ್ಲಿ ಮನುಷ್ಯ ಬೀಜವನ್ನು ಪರೀಕ್ಷಿಸತೊಡಗಿದ.

ಅದೇ ನಗರದ ಸಸ್ಯವಿಜ್ಞಾನಿ ಬಾಲ್ಫರ್ ಈ ಬಳ್ಳಿಗೆ ಫೈಸೊಸ್ಟಿಗ್ಮ ವೆನೆನೋಸಮ್ ಎಂದು ನಾಮಕರಣ ಮಾಡಿದರು. ಕ್ರಿಸ್ಟಿಸನ್ನರ ಶಿಷ್ಯ ಥಾಮಸ್ ಫ್ರೇಸರ್ 1862ರಲ್ಲಿ ಈ ಬೀಜದ ಮೇಲೆ ಪ್ರೌಢಪ್ರಬಂಧ ಬರೆದರು. ಬೀಜದ ಸಾರವನ್ನು ಕಣ್ಣಿಗೆ ಹಾಕಿದರೆ ಕಣ್ಣಿನ ಪಾಪೆ ಕಿರಿದಾಗುವುದನ್ನು ಗಮನಿಸಿದವರು ಅವರು. 1864ರಲ್ಲಿ ಯೋಬ್ಸ್ಟ್ ಮತ್ತು ಹೆಸ್ಸೆ ಎಂಬ ಜರ್ಮನ್ ರಸಾಯನವಿಜ್ಞಾನಿಗಳು ಬೀಜದಿಂದ ವಿಷದ ಮೂಲವಸ್ತುವನ್ನು ಬೇರ್ಪಡಿಸಿ ‘ಫೈಸೊಸ್ಟಿಗ್ಮಿನ್’ ಎಂದು ಕರೆದರು. ಮರುವರ್ಷ ಫ್ರಾನ್ಸಿನಲ್ಲಿ ಅದರ ಹರಳುಗಳು ದೊರೆತವು. ಅಲ್ಲಿನವರು ಎಫಿಕ್ ಜನರ ಹೆಸರನ್ನೇ ಉಳಿಸಿ ‘ಎಸೆರಿನ್’ ಎಂದರು. 1870ರ ದಶಕದಲ್ಲಿ ಲಾಕ್ವರ್ ಎಂಬ ವೈದ್ಯ ಇದನ್ನು ಗ್ಲಾಕೋಮಾ ರೋಗಕ್ಕೆ, ಅಂದರೆ ಕಣ್ಣಿನ ಒಳ ಒತ್ತಡ ಹೆಚ್ಚಿ ದೃಷ್ಟಿ ಕಳೆಯುವ ತೊಂದರೆಗೆ ಬಳಸಿದರು. ಸ್ವತಃ ಆತನಿಗೂ ಆ ರೋಗವಿತ್ತು. ಹೀಗೆ ಕೊಲ್ಲುವ ಕಾಳು ಕಣ್ಣಿನ ಔಷಧಿಯಾಯಿತು.

ಎರಡು ಕಪ್ಪೆಗಳ ಹೃದಯ

ಆದರೆ ಈ ವಸ್ತು ದೇಹದೊಳಗೆ ಮಾಡುವುದಾದರೂ ಏನು? ಉತ್ತರಕ್ಕೆ ಇನ್ನೂ ಅರವತ್ತು ವರ್ಷ ಕಾಯಬೇಕಾಯಿತು. ನರವೊಂದು ಮುಂದಿನ ಕೋಶಕ್ಕೆ ಸುದ್ದಿ ಮುಟ್ಟಿಸುವುದು ವಿದ್ಯುತ್ತಿನ ಕಿಡಿಯಿಂದಲೋ, ರಾಸಾಯನಿಕದಿಂದಲೋ ಎಂಬ ವಾದ ಆಗ ನಡೆದಿತ್ತು. ಆಸ್ಟ್ರಿಯಾದ ಗ್ರಾಜ್ ನಗರದ ಓಟೊ ಲೋವಿ 1921ರಲ್ಲಿ ಪ್ರಕಟಿಸಿದ ಪ್ರಯೋಗ ಬಲು ಸರಳವಾಗಿತ್ತು. ಕಪ್ಪೆಯೊಂದರ ಮಿಡಿಯುವ ಹೃದಯಕ್ಕೆ ಅಂಟಿದ ನರವನ್ನು ಪ್ರಚೋದಿಸಿದಾಗ ಮಿಡಿತ ನಿಧಾನವಾಯಿತು. ಆ ಹೃದಯದಲ್ಲಿದ್ದ ದ್ರವವನ್ನು ತೆಗೆದು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದಾಗ ನರವನ್ನು ಮುಟ್ಟದಿದ್ದರೂ ಅದೂ ನಿಧಾನವಾಯಿತು. ಅಂದರೆ ನರ ಒಂದು ರಾಸಾಯನಿಕವನ್ನು ಸ್ರವಿಸಿತ್ತು. ಅದೇ ಅಸಿಟೈಲ್‌ಕೋಲಿನ್ ಎಂದು ಮುಂದೆ ಖಚಿತವಾಯಿತು.

ಈ ಸಂದೇಶವಾಹಕ ತನ್ನ ಕೆಲಸ ಮುಗಿಸಿದೊಡನೆ ಒಂದು ಕಿಣ್ವ ಅದನ್ನು ಕತ್ತರಿಸಿ ಹಾಕುತ್ತದೆ. ಇಲ್ಲವಾದರೆ ಒಮ್ಮೆ ಕೊಟ್ಟ ಆಜ್ಞೆ ನಿಲ್ಲುವುದೇ ಇಲ್ಲ. ಕಾಲಬಾರ್ ಬೀಜದ ಫೈಸೊಸ್ಟಿಗ್ಮಿನ್ ಈ ಕಿಣ್ವದ ಕೈಕಟ್ಟುತ್ತದೆ ಎಂದು 1926ರಲ್ಲಿ ಲೋವಿ ಮತ್ತು ಅವರ ಸಹೋದ್ಯೋಗಿ ನವ್ರಾಟಿಲ್ ತೋರಿಸಿದರು. ಕಿಣ್ವ ಸುಮ್ಮನಾದಾಗ ಅಸಿಟೈಲ್‌ಕೋಲಿನ್ ರಾಶಿಬೀಳುತ್ತದೆ. ಜೊಲ್ಲು, ಬೆವರು, ವಾಂತಿ, ಮಾಂಸಖಂಡಗಳ ಅದುರು, ಕೊನೆಗೆ ಉಸಿರಾಟದ ನಿಲುಗಡೆ ಎಲ್ಲಕ್ಕೂ ಅದೇ ಕಾರಣ. ಹಳ್ಳಿಗಳಲ್ಲಿ ಕೀಟನಾಶಕ ಕುಡಿದವರನ್ನು ಆಸ್ಪತ್ರೆಗೆ ತಂದಾಗ ಕಾಣುವ ಲಕ್ಷಣಗಳೂ ಇವೇ. ಹಲವು ಕೀಟನಾಶಕಗಳು ಕಟ್ಟಿಹಾಕುವುದು ಇದೇ ಕಿಣ್ವವನ್ನು. ಲೋವಿಯವರಿಗೆ 1936ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಅವರ ಜೊತೆ ನೊಬೆಲ್ ಬಹುಮಾನ ಬಂದಿತು.

ಇದರ ನಡುವೆ 1935ರಲ್ಲಿ ಅಮೆರಿಕದ ಪರ್ಸಿ ಜೂಲಿಯನ್ ತಮ್ಮ ಸಂಗಾತಿ ಯೋಸೆಫ್ ಪಿಕ್ಲ್ ಜೊತೆಗೂಡಿ ಬೀಜದ ಹಂಗಿಲ್ಲದೆ ಪ್ರಯೋಗಾಲಯದಲ್ಲಿಯೇ ಫೈಸೊಸ್ಟಿಗ್ಮಿನ್ ತಯಾರಿಸುವ ದಾರಿ ಕಂಡುಕೊಂಡರು. ಆಕ್ಸ್‌ಫರ್ಡಿನ ಪ್ರಖ್ಯಾತ ವಿಜ್ಞಾನಿ ರಾಬರ್ಟ್ ರಾಬಿನ್‌ಸನ್ ಹಿಡಿದಿದ್ದ ದಾರಿ ತಪ್ಪೆಂದು ತೋರಿಸಿ ಗೆದ್ದ ಈ ರಸಾಯನವಿಜ್ಞಾನಿ ಗುಲಾಮರ ಮೊಮ್ಮಗ. ಇಷ್ಟೆಲ್ಲ ಸಾಧಿಸಿದರೂ ಕಪ್ಪು ಮೈಬಣ್ಣದ ಕಾರಣಕ್ಕೆ ಅವರಿಗೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ಸಿಗಲಿಲ್ಲ.

ನೆನಪು ಕಳೆಯುವ ಬೀಜ

ಇಲ್ಲಿಯವರೆಗೆ ನೆನಪಿನ ಮಾತೇ ಬಂದಿಲ್ಲ. ಅದನ್ನು ತಂದದ್ದು ಇನ್ನೊಂದು ಬೀಜ. ಆ ಗಿಡ ಕನ್ನಡ ನಾಡಿನ ಪಾಳುಜಾಗಗಳಲ್ಲಿ, ರಸ್ತೆಬದಿಯಲ್ಲಿ ಎಲ್ಲರಿಗೂ ಪರಿಚಿತ: ಶಿವನಿಗೆ ಪ್ರಿಯವೆಂದು ಹೂವೇರಿಸುವ ಉಮ್ಮತ್ತಿ, ಅಂದರೆ ದತ್ತೂರಿ. ಇದರ ಬೀಜವನ್ನು ಊಟದಲ್ಲಿ ಬೆರೆಸಿ ದಾರಿಹೋಕರನ್ನು ದೋಚುತ್ತಿದ್ದ ಕಳ್ಳರ ವಿಷಯ ಬ್ರಿಟಿಷರ ಕಾಲದ ವೈದ್ಯಕೀಯ ನ್ಯಾಯಶಾಸ್ತ್ರದ ಗ್ರಂಥಗಳಲ್ಲಿ ದಾಖಲಾಗಿದೆ. ತಿಂದವನು ಸಾಯದೆ ಉಳಿದರೂ ಏನಾಯಿತು, ಯಾರು ಕೊಟ್ಟರು ಎಂಬುದನ್ನು ಹೇಳಲಾರದೆ ತಡವರಿಸುತ್ತಿದ್ದ.

ದತ್ತೂರಿಯಲ್ಲಿ ಅಟ್ರೊಪಿನ್, ಸ್ಕೋಪಲಮೀನ್ ಎಂಬ ವಸ್ತುಗಳಿವೆ. ಇವು ಅಸಿಟೈಲ್‌ಕೋಲಿನ್ ಬಂದು ಕೂರಬೇಕಾದ ಜಾಗವನ್ನು ಮೊದಲೇ ಆಕ್ರಮಿಸಿಕೊಳ್ಳುತ್ತವೆ. ಕಾಲಬಾರ್ ಬೀಜದ್ದು ಇದಕ್ಕೆ ತದ್ವಿರುದ್ಧ ಗುಣ. ಈ ವೈರವನ್ನು ವೈದ್ಯರು ಬಹಳ ಹಿಂದೆಯೇ ಬಲ್ಲವರಾಗಿದ್ದರು. 1864ರಲ್ಲಿ ಪ್ರಾಗ್ ನಗರದಲ್ಲಿ ಅಟ್ರೊಪಿನ್ ಕುಡಿದ ಕೈದಿಗಳಿಗೆ ಕಾಲಬಾರ್ ಬೀಜದ ಸಾರವನ್ನೇ ಪ್ರತಿವಿಷವಾಗಿ ಕೊಡಲಾಗಿತ್ತು.

1974ರಲ್ಲಿ ಅಮೆರಿಕದ ಡೇವಿಡ್ ಡ್ರಾಕ್‌ಮನ್ ಮತ್ತು ಜಾನೆಟ್ ಲೆವಿಟ್ ಆರೋಗ್ಯವಂತ ಯುವಕ ಯುವತಿಯರಿಗೆ ಸ್ಕೋಪಲಮೀನ್ ಕೊಟ್ಟು ಜ್ಞಾಪಕಶಕ್ತಿಯ ಪರೀಕ್ಷೆ ನಡೆಸಿದರು. ಅವರ ತಪ್ಪುಗಳು ವೃದ್ಧರು ಮಾಡುವ ತಪ್ಪುಗಳನ್ನು ಹೋಲುತ್ತಿದ್ದವು. ಈ ಮರೆವನ್ನು ಫೈಸೊಸ್ಟಿಗ್ಮಿನ್ ತಿದ್ದಬಲ್ಲದೆಂದೂ ಬರಿಯ ಉತ್ತೇಜಕ ಔಷಧಿಯಿಂದ ಅದು ಸಾಧ್ಯವಿಲ್ಲವೆಂದೂ ಡ್ರಾಕ್‌ಮನ್ 1977ರಲ್ಲಿ ವರದಿ ಮಾಡಿದರು. ಈ ಎರಡು ವರದಿಗಳ ನಡುವೆ, 1976ರಲ್ಲಿ, ಎಡಿನ್‌ಬರೊದಿಂದಲೇ ಮಹತ್ವದ ಸುದ್ದಿ ಬಂತು. ಅಲ್ಜೈಮರ್ ರೋಗದಿಂದ ತೀರಿಕೊಂಡವರ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ತಯಾರಿಸುವ ಕಿಣ್ವ ತೀರಾ ಕುಗ್ಗಿಹೋಗಿದೆ ಎಂದು ಪೀಟರ್ ಡೇವಿಸ್ ಮತ್ತು ಮಲೋನಿ ಪ್ರಕಟಿಸಿದರು.

ಈಗ ತರ್ಕ ತಾನಾಗಿ ಜೋಡಣೆಯಾಯಿತು. ಮಿದುಳಿನಲ್ಲಿ ಸಂದೇಶವಾಹಕ ಕಡಿಮೆಯಾಗಿದೆ. ಅದನ್ನು ನಾಶ ಮಾಡುವ ಕಿಣ್ವವನ್ನು ಸ್ವಲ್ಪ ತಡೆದರೆ ಇದ್ದಷ್ಟೇ ವಸ್ತು ಹೆಚ್ಚು ಹೊತ್ತು ಉಳಿಯುತ್ತದೆ. ಕೆರೆಗೆ ಬರುವ ನೀರು ಕಡಿಮೆಯಾದಾಗ ರೈತ ತೂಬನ್ನು ಅರ್ಧ ಮುಚ್ಚುವಂತೆ.

ಸಾರದಿಂದ ಔಷಧಿಗೆ

ತರ್ಕ ಸರಿಯಿದ್ದ ಮಾತ್ರಕ್ಕೆ ಔಷಧಿ ಸಿದ್ಧವಾಗುವುದಿಲ್ಲ. ಫೈಸೊಸ್ಟಿಗ್ಮಿನ್ ಕೊಟ್ಟಾಗ ಕೆಲವು ರೋಗಿಗಳ ನೆನಪು ಸ್ವಲ್ಪ ಸುಧಾರಿಸಿತೆಂಬುದು ನಿಜ. ಆದರೆ ರಕ್ತದಲ್ಲಿ ಅದರ ಆಯುಷ್ಯ ಅತಿ ಕಡಿಮೆ. ಅರ್ಧ ಗಂಟೆಯೊಳಗೆ ಅರ್ಧದಷ್ಟು ಕರಗಿಹೋಗುತ್ತದೆ. ಪ್ರಮಾಣ ಸ್ವಲ್ಪ ಕಡಿಮೆಯಾದರೆ ಪರಿಣಾಮವಿಲ್ಲ, ಸ್ವಲ್ಪ ಹೆಚ್ಚಾದರೆ ಓಕರಿಕೆ, ವಾಂತಿ, ನಾಡಿಯ ಇಳಿತ. ಕಾಲಬಾರಿನ ಅಗ್ನಿಪರೀಕ್ಷೆಯ ಲಕ್ಷಣಗಳೇ ಸಣ್ಣ ಪ್ರಮಾಣದಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ ಮರುಕಳಿಸಿದವು. ನಿಧಾನವಾಗಿ ಕರಗುವ ಮಾತ್ರೆಯ ರೂಪದಲ್ಲಿ 1990ರ ದಶಕದಲ್ಲಿ ನಡೆದ ಪ್ರಯತ್ನವೂ ಈ ತೊಡಕನ್ನು ದಾಟಲಿಲ್ಲ. ಅಲ್ಜೈಮರ್ ರೋಗಕ್ಕೆ ಫೈಸೊಸ್ಟಿಗ್ಮಿನ್ ಔಷಧಿಯಾಗಲಿಲ್ಲ.

ಬೀಜದ ವಸ್ತುವನ್ನು ಇದ್ದಂತೆ ಬಳಸುವುದನ್ನು ಬಿಟ್ಟು ಅದರ ರಚನೆಯಿಂದ ಪಾಠ ಕಲಿಯುವುದೇ ಉಳಿದ ದಾರಿ. 1980ರ ದಶಕದಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಔಷಧ ವಿಜ್ಞಾನಿ ಮಾರ್ಟಾ ವೈನ್‌ಸ್ಟಾಕ್ ಈ ಕೆಲಸಕ್ಕೆ ಕೈಹಾಕಿದರು. ಫೈಸೊಸ್ಟಿಗ್ಮಿನ್ ಅಣುವಿನಲ್ಲಿ ಕಿಣ್ವವನ್ನು ಹಿಡಿಯುವ ಕಾರ್ಬಮೇಟ್ ಎಂಬ ಭಾಗದ ಮಾದರಿಯನ್ನು ಉಳಿಸಿಕೊಂಡು, ಉಳಿದದ್ದನ್ನು ಬದಲಿಸಿ, ಮಿದುಳನ್ನು ಸುಲಭವಾಗಿ ಸೇರುವ ಮತ್ತು ಕಿಣ್ವವನ್ನು ಹಲವು ಗಂಟೆಗಳ ಕಾಲ ಹಿಡಿದಿಡುವ ಹೊಸ ವಸ್ತುವನ್ನು ರೂಪಿಸಿದರು. ಅದೇ ರಿವಾಸ್ಟಿಗ್ಮಿನ್. 1997ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, 2000ದಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಮಾತ್ರೆ ನುಂಗಿದಾಗ ಬರುವ ಓಕರಿಕೆಯನ್ನು ಕಡಿಮೆ ಮಾಡಲು ಚರ್ಮಕ್ಕೆ ಅಂಟಿಸುವ ಪಟ್ಟಿಯ ರೂಪದಲ್ಲಿ 2007ರಿಂದ ದೊರೆಯುತ್ತಿದೆ. ಕ್ರಿಸ್ಟಿಸನ್ ಕಾಲು ಬೀಜ ತಿಂದ ದಿನದಿಂದ ಎಣಿಸಿದರೆ ಅಲ್ಲಿಗೆ 152 ವರ್ಷ.

ಇದೇ ಗುಂಪಿಗೆ ಸೇರಿದ ಬೇರೆ ಔಷಧಿಗಳೂ ಉಂಟು. 1993ರಲ್ಲಿ ಬಂದ ಟ್ಯಾಕ್ರಿನ್ ಯಕೃತ್ತಿಗೆ ಹಾನಿ ಮಾಡುತ್ತದೆಂದು ಹಿಂದೆ ಸರಿಯಿತು. 1996ರಲ್ಲಿ ಬಂದ ಡೊನೆಪೆಜಿಲ್ ಪೂರ್ತಿಯಾಗಿ ಪ್ರಯೋಗಾಲಯದ ಕೂಸು. ಗ್ಯಾಲಂಟಮೀನ್ ಮಾತ್ರ ಸ್ನೋಡ್ರಾಪ್ ಜಾತಿಯ ಹೂಗಿಡಗಳ ಗಡ್ಡೆಯಿಂದ ಬಂದದ್ದು.

ಎಷ್ಟು ಗುಣ, ಎಷ್ಟು ಆಸೆ

ಇಷ್ಟು ದೀರ್ಘ ಪ್ರಯಾಣದ ಫಲ ಎಷ್ಟು ಎಂದು ಕೇಳಿದರೆ ಉತ್ತರ ಸ್ವಲ್ಪ ನಿರಾಶೆ ತರುವಂಥದ್ದು. ನೆನಪು ಮತ್ತು ಬುದ್ಧಿಶಕ್ತಿಯನ್ನು ಅಳೆಯುವ 70 ಅಂಕಗಳ ಪರೀಕ್ಷೆಯೊಂದಿದೆ. ಆರು ತಿಂಗಳು ರಿವಾಸ್ಟಿಗ್ಮಿನ್ ತೆಗೆದುಕೊಂಡವರಿಗೂ ಹುಸಿ ಮಾತ್ರೆ ತೆಗೆದುಕೊಂಡವರಿಗೂ ಇದರಲ್ಲಿ ಕಂಡ ಸರಾಸರಿ ವ್ಯತ್ಯಾಸ ಸುಮಾರು 2 ಅಂಕ. ಕೆಲವು ರೋಗಿಗಳು ತಾವಾಗಿ ಬಟ್ಟೆ ಉಡುವುದು, ಮಾತಿನ ಎಳೆ ಹಿಡಿಯುವುದು ಕೆಲವು ತಿಂಗಳು ಹೆಚ್ಚು ಉಳಿಯಬಹುದು. ಆರೈಕೆ ಮಾಡುವ ಮಗಳಿಗೋ ಸೊಸೆಗೋ ಅದು ಸಣ್ಣ ಸಂಗತಿಯಲ್ಲ. ಆದರೆ ರೋಗ ನಿಲ್ಲುವುದಿಲ್ಲ. ತೂಬು ಮುಚ್ಚಿದ್ದೇನೋ ಸರಿ, ಕೆರೆಗೆ ನೀರು ತರುವ ಕಾಲುವೆಗಳೇ ಒಂದೊಂದಾಗಿ ಹೂತುಹೋಗುತ್ತಿವೆ. ಸಂದೇಶ ಕಳಿಸುವ ನರಕೋಶಗಳೇ ಸಾಯುತ್ತಿರುವಾಗ ಸಂದೇಶವಾಹಕನನ್ನು ಉಳಿಸಿ ಎಷ್ಟು ದಿನ ನೂಕಬಹುದು?

ಮಿದುಳಿನಲ್ಲಿ ಗಡ್ಡೆಗಟ್ಟುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ತೆಗೆದುಹಾಕುವ ಲೆಕಾನೆಮಾಬ್, ಡೊನಾನೆಮಾಬ್ ಎಂಬ ಹೊಸ ಔಷಧಿಗಳಿಗೆ ಅಮೆರಿಕದಲ್ಲಿ 2023 ಮತ್ತು 2024ರಲ್ಲಿ ಪೂರ್ಣ ಅನುಮತಿ ದೊರೆತಿದೆ. ರೋಗದ ಆರಂಭದಲ್ಲಿ ಕೊಟ್ಟರೆ ಇವು ಅದರ ಓಟವನ್ನು ಸ್ವಲ್ಪ ನಿಧಾನಿಸುತ್ತವೆ. ಬೆಲೆ ಮಾತ್ರ ಬಹಳ ದುಬಾರಿ; ಮಿದುಳಿನಲ್ಲಿ ಊತ, ರಕ್ತಸ್ರಾವಗಳ ಅಪಾಯವೂ ಉಂಟು. ಕಳೆದುಹೋದ ನೆನಪನ್ನು ಮರಳಿ ತರುವ ಔಷಧಿ ಇನ್ನೂ ಯಾವ ದೇಶದಲ್ಲೂ ಇಲ್ಲ.

ಹಾಗಾದರೆ ಉಳಿದ ಬೀಜಗಳ ಕತೆಯೇನು? ಆಯುರ್ವೇದದಲ್ಲಿ ಬುದ್ಧಿ ಮತ್ತು ಸ್ಮೃತಿಗಳಿಗೆ ಹಿತವೆಂದು ಹೇಳಿರುವ ಜ್ಯೋತಿಷ್ಮತಿಯ ಬೀಜದ ಎಣ್ಣೆಯನ್ನು ಭಾರತದ ಪ್ರಯೋಗಾಲಯಗಳಲ್ಲಿ ಇಲಿಗಳ ಮೇಲೆ ಪರೀಕ್ಷಿಸಲಾಗಿದೆ. ದ್ರಾಕ್ಷಿ ಬೀಜದ ಸಾರ ಕೊಟ್ಟ ಇಲಿಗಳ ಮಿದುಳಿನಲ್ಲಿ ಅಮಿಲಾಯ್ಡ್ ಕಡಿಮೆಯಾದುದನ್ನು ಅಮೆರಿಕದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ್ದಾರೆ. ಇವು ಕುತೂಹಲ ಹುಟ್ಟಿಸುವ ಸಂಗತಿಗಳು. ಆದರೆ ಇಲಿಯಿಂದ ಮನುಷ್ಯನವರೆಗಿನ ದಾರಿ ಎಷ್ಟು ಉದ್ದವೆಂಬುದಕ್ಕೆ ಗಿಂಕೊ ಮರದ ಎಲೆಯ ಸಾರವೇ ಸಾಕ್ಷಿ. ನೆನಪಿನ ಮದ್ದೆಂದು ಜಗತ್ತಿನ ತುಂಬ ಮಾರಾಟವಾಗುತ್ತಿದ್ದ ಅದನ್ನು 75 ವರ್ಷ ದಾಟಿದ 3,069 ಮಂದಿಯ ಮೇಲೆ ಸುಮಾರು ಆರು ವರ್ಷ ಪರೀಕ್ಷಿಸಲಾಯಿತು. 2008ರಲ್ಲಿ ಬಂದ ಫಲಿತಾಂಶ ಸ್ಪಷ್ಟವಾಗಿತ್ತು: ಸಾರ ತೆಗೆದುಕೊಂಡವರಲ್ಲಿ ಡಿಮೆನ್ಷಿಯಾ ಕಡಿಮೆಯಾಗಲಿಲ್ಲ.

ಸಸ್ಯಗಳಲ್ಲಿ ಔಷಧಿಯಿಲ್ಲ ಎಂದು ಇದರ ಅರ್ಥವಲ್ಲ. ಹಳ್ಳಿಯ ಮಕ್ಕಳನ್ನು ತುರಿಕೆಯಿಂದ ಕಂಗೆಡಿಸುವ ನಸುಗುನ್ನಿಯ ಬೀಜದಿಂದ ಡೋಪಾ ಎಂಬ ವಸ್ತುವನ್ನು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು 1937ರಲ್ಲೇ ಬೇರ್ಪಡಿಸಿದ್ದರು. ಕೈಕಾಲು ನಡುಗಿಸುವ ಪಾರ್ಕಿನ್ಸನ್ ರೋಗಕ್ಕೆ ಇಂದಿಗೂ ಮುಖ್ಯ ಔಷಧಿ ಅದೇ ವಸ್ತು. ಬೀಜದೊಳಗೆ ಏನಿದೆ, ಎಷ್ಟಿದೆ, ದೇಹದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಗೊತ್ತಾದ ಮೇಲೆಯೇ ಅದು ಔಷಧಿ. ಗೊತ್ತಾಗುವವರೆಗೆ ಅದು ಭರವಸೆ ಮಾತ್ರ. ಒಂದೇ ಬಳ್ಳಿಯ ಎರಡು ಬೀಜಗಳಲ್ಲಿ ಸತ್ವದ ಪ್ರಮಾಣ ಒಂದೇ ಆಗಿರುವುದಿಲ್ಲ. ‘ಗಿಡಮೂಲಿಕೆ ತಾನೆ, ಅಡ್ಡ ಪರಿಣಾಮ ಇಲ್ಲ’ ಎನ್ನುವವರು ಕಾಲಬಾರ್ ಬೀಜವೂ ದತ್ತೂರಿಯೂ ಗಿಡದ ಬೀಜಗಳೇ ಎಂಬುದನ್ನು ಮರೆಯಬಾರದು.

ಮರೆವು ಕಾಣಿಸಿಕೊಂಡ ಹಿರಿಯರಿಗೆ ಮೊದಲು ಬೇಕಾದದ್ದು ಯಾವ ಬೀಜದ ಸಾರವೂ ಅಲ್ಲ, ಸರಿಯಾದ ತಪಾಸಣೆ. ಥೈರಾಯ್ಡ್ ಗ್ರಂಥಿಯ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ತೆಗೆದುಕೊಳ್ಳುತ್ತಿರುವ ಬೇರೆ ಮಾತ್ರೆಗಳ ಪರಿಣಾಮ ಇವುಗಳಿಂದಲೂ ಮರೆವು ಬರುತ್ತದೆ. ಕಾರಣ ತಿಳಿದರೆ ಇವುಗಳಲ್ಲಿ ಹಲವನ್ನು ಗುಣಪಡಿಸಬಹುದು. ‘ವಯಸ್ಸಾಯಿತು, ಅರಳು ಮರಳು’ ಎಂದು ಸುಮ್ಮನಾದ ಮನೆಯಲ್ಲಿ ಆ ಅವಕಾಶ ಕೈತಪ್ಪಿಹೋಗುತ್ತದೆ. ರೋಗ ಅಲ್ಜೈಮರ್ ಎಂದೇ ಖಚಿತವಾದರೆ ಔಷಧಿ ಸ್ವಲ್ಪ ಕಾಲವನ್ನು ಗಳಿಸಿಕೊಡಬಹುದು. ಆ ಕಾಲದಲ್ಲಿ ಹಿರಿಯರ ಪಕ್ಕ ಕುಳಿತು, ನೂರು ಸಲ ಕೇಳಿದ ಪ್ರಶ್ನೆಗೆ ನೂರೊಂದನೆಯ ಸಲ ಸಿಡುಕದೆ ಉತ್ತರಿಸುವ ಕೆಲಸ ಮನೆಯವರದು.